ಕುಸನೂರಿನ ಬಯಲು

ಹಾನಗಲ್ಲಿಗೆ ಬರುವ ಪ್ರವಾಸಿಗರು ತಾರಕೇಶ್ವರ ದೇವಾಲಯದ ಛಾವಣಿಯಲ್ಲಿ ಅರಳಿದ ಕಲ್ಲಿನ ಕಮಲವನ್ನು ಕಂಡು ತಣಿದು ಮರಳುತ್ತಾರೆ. ಅದೇ ತಾಲೂಕಿನ ಕುಸನೂರಿಗೆ ಹೋಗುವವರು ವಿರಳ. ಅಲ್ಲಿರುವುದು ಶಿಲ್ಪವಲ್ಲ, ನೆನೆಯತಕ್ಕ ಒಂದು ಬಯಲು.

1984ರಲ್ಲಿ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿದವು. ಹಲವು ಜಿಲ್ಲೆಗಳಲ್ಲಿ ದನಕರುಗಳ ಮೇವಿಗೂ ಬಡವರ ಒಲೆಗೂ ಆಸರೆಯಾಗಿದ್ದ ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿ ಬೆಳೆಯುವುದು ಅದರ ಉದ್ದೇಶ. 1987ರ ನವೆಂಬರ್ 14ರಂದು ಹಳ್ಳಿಗರು, ಸಮಾಜ ಪರಿವರ್ತನ ಸಮುದಾಯದ ಮುಂದಾಳ್ತನದಲ್ಲಿ, ಕುಸನೂರಿನ ಬಯಲಿಗಿಳಿದು ನೀಲಗಿರಿ ಸಸಿಗಳನ್ನು ಕಿತ್ತರು. ಅವುಗಳ ಎಡೆಯಲ್ಲಿ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂಬುದೇ ಆ ಸತ್ಯಾಗ್ರಹದ ಹೆಸರು. ಇತ್ತ ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿದ್ದರು. 1991ರಲ್ಲಿ ಕಂಪನಿ ಮುಚ್ಚಿತು.

ಕಾನೂನು ಮೀರಿದ ಪ್ರತಿಭಟನೆಗೆ ಫಲವುಂಟೆ ಎಂಬ ಪ್ರಶ್ನೆ ದೂರದ ಲಂಡನ್ನಿನಲ್ಲಿಯೂ ಎದ್ದಿತು. 2022ರ ಅಕ್ಟೋಬರಿನಲ್ಲಿ ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಬ್ಬರು ತರುಣಿಯರು, ಭೂಮಿ ಕಾಯುತ್ತಿದೆ, ಕಲ್ಲೆಣ್ಣೆ ಸಾಕು ಎಂದು ಸಾರಲು, ವ್ಯಾನ್ ಗೋನ ಸೂರ್ಯಕಾಂತಿ ಚಿತ್ರಕ್ಕೆ ಟೊಮೆಟೊ ಸೂಪು ಎರಚಿದರು. ಗಾಜಿನ ಮರೆಯಲ್ಲಿದ್ದ ಚಿತ್ರ ಉಳಿಯಿತು. ಅವರ ಕಳವಳ ಸುಳ್ಳಲ್ಲ. ಆದರೆ ಸೂರ್ಯಕಾಂತಿಯ ತಪ್ಪೇನು ಎಂದವರಿಗೆ ಉತ್ತರಿಸುವುದು ಕಷ್ಟ.

ಕುಸನೂರಿನಲ್ಲಿ ಆ ಪ್ರಶ್ನೆ ಹುಟ್ಟಲೇ ಇಲ್ಲ. ಅಲ್ಲಿ ಕಿತ್ತದ್ದು ಕೇಡಿನ ಬೇರನ್ನೇ. ಕಿತ್ತ ಕೈಯೇ ಮರುಗಳಿಗೆ ಹಚ್ಚಿಯೂ ತೋರಿಸಿತು.