ಎಳೆಯುವ ಕೆಲಸ

ಮೈಸೂರು ಸೀಮೆಯ ಬಯಲು ಪ್ರಾಂತಗಳಲ್ಲಿ ಕಪಿಲೆಯ ಬಾವಿಗಳು ಕಾಣದೆ ಹೋಗಿ ಬಹುಕಾಲವಾಯಿತು. ವಾಚಕರಲ್ಲಿ ಹಿರಿಯರಾದವರು ಅವನ್ನು ಕಂಡಿರಬಹುದು. ಕಿರಿಯರಿಗಾಗಿ ಒಂದೆರಡು ಮಾತು. ಬಾವಿಯ ಬಾಯಿಗೆ ಎರಡು ಕಂಬ, ಕಂಬಗಳ ನಡುವೆ ರಾಟೆ, ರಾಟೆಯ ಮೇಲೆ ದಪ್ಪನೆಯ ಹಗ್ಗ, ಹಗ್ಗದ ಒಂದು ತುದಿಗೆ ತೊಗಲಿನ ಬಾನಿ, ಇನ್ನೊಂದು ತುದಿಗೆ ಒಂದು ಜೋಡಿ ಎತ್ತು. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಹೋದರೆ ನೀರು ಮೇಲಕ್ಕೆ ಬರುವುದು. ನೀರು ಸುರಿದಾದ ಮೇಲೆ ಎತ್ತುಗಳು ಹಿಂದೆಹಿಂದಕ್ಕೆ ನಡೆದು ಬರುವುವು, ಬಾನಿ ತನ್ನ ಭಾರದಿಂದಲೇ ಬಾವಿಗೆ ಇಳಿಯುವುದು. ಎತ್ತು ಅದನ್ನು ಕೆಳಕ್ಕೆ ನೂಕುವುದಿಲ್ಲ. ಹಗ್ಗದಿಂದ ಯಾರು ತಾನೆ ಏನನ್ನು ನೂಕಬಲ್ಲರು?

ಮನುಷ್ಯನ ಎಲುಬಿನ ಗೂಡನ್ನು ಆಡಿಸುವ ಆರುನೂರಕ್ಕೂ ಹೆಚ್ಚಿನ ಸ್ನಾಯುಗಳ ಸ್ಥಿತಿಯೂ ಹೀಗೆಯೇ. ಅವು ಎಳೆಯಬಲ್ಲುವು, ನೂಕಲಾರವು. ನಾವು ಬಾಗಿಲನ್ನು ನೂಕುತ್ತೇವಲ್ಲ ಎಂದು ಕೇಳಬಹುದು. ಬಾಗಿಲನ್ನು ನೂಕುವಾಗ ತೋಳಿನ ಹಿಂಭಾಗದ ಸ್ನಾಯು ಮೊಣಕೈಯ ಹಿಂದಿನ ಎಲುಬನ್ನು ತನ್ನತ್ತ ಎಳೆಯುತ್ತದೆ; ಮಡಿಸಿದ ಕೈ ಅದರಿಂದ ನೀಳವಾಗುತ್ತದೆ; ಬಾಗಿಲು ಹಿಂದಕ್ಕೆ ಸರಿಯುತ್ತದೆ. ನೂಕು ಎಂಬುದು ಹೊರಗೆ ಕಾಣುವ ರೂಪ ಮಾತ್ರ. ಮಡಿಸುವುದಕ್ಕೆ ಒಂದು ಸ್ನಾಯು, ಬಿಡಿಸುವುದಕ್ಕೆ ಅದರ ಎದುರಾಳಿ. ಒಂದು ಎಳೆದಾಗ ಇನ್ನೊಂದು ಸಡಿಲಬೇಕು. ಈ ಎದುರಾಳಿಗಳ ನಡುವೆ ಇರುವಂಥ ಸೌಹಾರ್ದ ನಮ್ಮ ಊರಿನ ಯಾವ ಸಮಿತಿಯಲ್ಲಿಯೂ ನಾನು ಕಂಡುದಿಲ್ಲ.

ಈ ವಿಚಾರವನ್ನು ನಾನು ಓದತೊಡಗಿದುದು ಹವ್ಯಾಸಕ್ಕಾಗಿ ಅಲ್ಲ. ಕಳೆದ ವರುಷ ಮಳೆಗಾಲದಲ್ಲಿ ನಮ್ಮ ತಂದೆಯವರು ಜ್ವರದಿಂದ ಆಸ್ಪತ್ರೆ ಸೇರಿ ಎರಡು ವಾರ ಮಂಚ ಹಿಡಿದಿದ್ದರು. ಅವರಿಗೆ ಆಗ 83 ವರ್ಷ. ಜ್ವರ ಬಿಟ್ಟಿತು, ಸಖರಾಯಪಟ್ಟಣದ ಮನೆಗೆ ಕರೆತಂದೆವು. ಅಂಗಳದ ಬೆಂಚಿನ ಮೇಲೆ ಕೂರಿಸಿದೆವು. ಕುಳಿತವರು ಏಳಲಿಲ್ಲ. ನೋವಿಲ್ಲ, ಮುರಿತವಿಲ್ಲ, ಕಾಲಿನಲ್ಲಿ ಸ್ಪರ್ಶಜ್ಞಾನ ಚೆನ್ನಾಗಿದೆ. ಆದರೆ ಏಳಬೇಕೆಂಬ ಇಚ್ಛೆಗೂ ಏಳುವಿಕೆಗೂ ನಡುವೆ ಏನೋ ಕಳಚಿಹೋಗಿತ್ತು. ಮೂವತ್ತು ವರ್ಷ ಪಾಠಶಾಲೆಯಲ್ಲಿ ನಿಂತು ಪಾಠ ಹೇಳಿದವರು. ನನ್ನ ತೋಳನ್ನು ಹಿಡಿದು ಎದ್ದ ಮೇಲೆ ಅವರು ಆ ದಿನವೆಲ್ಲ ಮಾತನಾಡಲಿಲ್ಲ.

ವಯಸ್ಸಾಯಿತು, ಇನ್ನು ಹೀಗೆಯೇ ಎಂದು ಬಂದವರೆಲ್ಲರೂ ಹೇಳಿದರು. ಇದು ಸಮಾಧಾನದ ಮಾತಿನಂತೆ ತೋರುವ ಒಂದು ತೀರ್ಪು. ಇದನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ.

ಮಂಚವು ಮಾಂಸವನ್ನು ಎಷ್ಟು ಬೇಗ ತಿನ್ನುತ್ತದೆ ಎಂಬುದನ್ನು ವೈದ್ಯರು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರಾದ ಕೆಲವು ಮಂದಿ ವೃದ್ಧರನ್ನು ಅವರ ಒಪ್ಪಿಗೆಯಿಂದ 10 ದಿನ ಹಾಸಿಗೆಯಲ್ಲಿಯೇ ಇರಿಸಿದರು. ಅಷ್ಟರಲ್ಲಿ ಅವರ ಕಾಲುಗಳ ಮಾಂಸದಲ್ಲಿ ಸುಮಾರು ಒಂದು ಕಿಲೋಗ್ರಾಂ ಇಳಿದುಹೋಗಿತ್ತು. ಅವರು ರೋಗಿಗಳಲ್ಲವೆಂಬುದನ್ನು ಮರೆಯಬಾರದು. ಜ್ವರ, ಅರೆಹೊಟ್ಟೆ ಇವು ಜೊತೆಗೂಡಿದರೆ ಲೆಕ್ಕ ಬೇರೆ. ದೇಹವು ಜಿಪುಣನಾದ ಯಜಮಾನನಂತೆ. ಕೆಲಸವಿಲ್ಲದ ಆಳಿಗೆ ಅದು ಒಂದು ದಿನವೂ ಪುಕ್ಕಟೆ ಊಟ ಹಾಕುವುದಿಲ್ಲ.

ಇಲ್ಲಿ ಒಂದು ಶಬ್ದವಿಚಾರ. ನಾವು ಈಗ ಸ್ನಾಯು ಎನ್ನುವುದನ್ನು ಸುಶ್ರುತನು ಪೇಶಿ ಎಂದನು. ಅವನ ಎಣಿಕೆಯಲ್ಲಿ ಪೇಶಿಗಳು 500. ಅವನು ಸ್ನಾಯುವೆಂದು ಕರೆದುದು ಕೀಲುಗಳನ್ನು ಬಿಗಿಯುವ ನಾರನ್ನು, ಅವು 900. ಹಲಗೆಗಳನ್ನು ಕಟ್ಟುಗಳಿಂದ ಬಿಗಿದಾಗ ಹೇಗೆ ದೋಣಿ ಭಾರ ಹೊರುವುದೋ ಹಾಗೆ ದೇಹವೆಂಬುದು ಅವನ ಹೋಲಿಕೆ. ಮೂಳೆಗೆ ಪೆಟ್ಟಾಗುವುದಕ್ಕಿಂತ ಸ್ನಾಯು ಕೆಡುವುದು ಹೆಚ್ಚು ಹಾನಿಕರವೆಂಬುದು ಅವನ ಮತ. ವಂಗದೇಶದವರು ಅದೇ ಶಬ್ದದಿಂದ ನರವನ್ನು ಸೂಚಿಸುತ್ತಾರೆ. ಹೀಗೆ ಒಂದೇ ಶಬ್ದ ಕಟ್ಟುವುದು, ಎಳೆಯುವುದು, ಸುದ್ದಿ ಒಯ್ಯುವುದು ಈ ಮೂರಕ್ಕೂ ಸಂದಿದೆ. ಮೂರೂ ಕೂಡದೆ ಒಬ್ಬ ಮುದುಕ ಬೆಂಚಿನಿಂದ ಏಳಲಾರನಾದುದರಿಂದ ಈ ಗೊಂದಲವನ್ನು ಕ್ಷಮಿಸಬಹುದು.

ಸ್ನಾಯುವಿನ ಒಳಗೆ ಎಳೆತ ಹೇಗೆ ಹುಟ್ಟುತ್ತದೆ? ಎಳೆಗಳು ರಬ್ಬರಿನಂತೆ ಮುದುಡುತ್ತವೆಂದು ಬಹುಕಾಲ ತಿಳಿದಿದ್ದರು. 1954ರಲ್ಲಿ ಹಕ್ಸ್‌ಲಿ ಎಂಬ ಒಂದೇ ಮನೆತನದ ಹೆಸರುಳ್ಳ, ಆದರೆ ಬಂಧುಗಳಲ್ಲದ ಇಬ್ಬರು ವಿಜ್ಞಾನಿಗಳು, ಒಬ್ಬರು ನೀಡರ್ಗರ್ಕೆಯವರೊಡನೆ, ಇನ್ನೊಬ್ಬರು ಜೀನ್ ಹ್ಯಾನ್ಸನ್ ಎಂಬ ವಿದುಷಿಯೊಡನೆ, ಬೇರೆ ಬೇರೆಯಾಗಿ ಒಂದೇ ಉತ್ತರವನ್ನು ಕೊಟ್ಟರು. ಎಡಗೈ ಬೆರಳುಗಳ ಸಂದಿಗೆ ಬಲಗೈ ಬೆರಳುಗಳನ್ನು ತೂರಿಸಿ ನೋಡಿ. ಬೆರಳುಗಳು ಗಿಡ್ಡವಾಗುವುದಿಲ್ಲ, ಒಂದರೊಳಗೊಂದು ಸರಿದು ಎರಡು ಕೈಗಳೂ ಹತ್ತಿರವಾಗುತ್ತವೆ. ಸ್ನಾಯುವಿನಲ್ಲಿ ದಪ್ಪ ಎಳೆ, ತೆಳು ಎಳೆ ಎಂದು ಎರಡು ಬಗೆ. ದಪ್ಪ ಎಳೆಯ ಮೈಮೇಲಿನ ಕೊಕ್ಕೆಗಳು ತೆಳು ಎಳೆಯನ್ನು ಹಿಡಿದು, ಜಗ್ಗಿ, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ಅದೇ 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು, ಸ್ನಾಯುವನ್ನು ಎಲುಬಿಗೆ ಬಿಗಿಯುವ ಕಂಡರದ ಮೂಲದ್ರವ್ಯವಾದ ಕೊಲಾಜನ್ ಮೂರೆಳೆಯ ಹುರಿಯೆಂದು ತೋರಿಸಿದರು. ಎಳೆಯುವವನೂ ಹಗ್ಗವೂ ಒಂದೇ ವರ್ಷದಲ್ಲಿ ಅರ್ಥವಾದುವು.

ನನಗೆ ಹೆಚ್ಚು ಸೋಜಿಗವೆನಿಸಿದ ಸಂಗತಿ ಬೇರೊಂದು. ಆ ಕೊಕ್ಕೆ ಹಿಡಿದುದನ್ನು ಬಿಡಬೇಕಾದರೆ ಎ.ಟಿ.ಪಿ. ಎಂಬ ಶಕ್ತಿದ್ರವ್ಯದ ಒಂದು ಕಣ ಬಂದು ಅದಕ್ಕೆ ತಗಲಬೇಕು. ಆ ದ್ರವ್ಯ ಮುಗಿದರೆ ಕೊಕ್ಕೆಗಳು ಹಿಡಿದಲ್ಲಿಯೇ ನಿಲ್ಲುತ್ತವೆ. ಸತ್ತ ಕೆಲವು ಗಂಟೆಗಳಲ್ಲಿ ಶವ ಸೆಟೆದುಕೊಳ್ಳುವುದು ಇದರಿಂದಲೇ. ಇದನ್ನು ತಂದೆಯವರಿಗೆ ಓದಿ ಹೇಳಿದಾಗ ಅವರು, “ಹಿಡಿಯುವುದಕ್ಕಿಂತ ಬಿಡುವುದಕ್ಕೇ ಖರ್ಚು ಎಂದಾಯಿತು. ನಿಮ್ಮಜ್ಜನ ಜಮೀನಿನ ವ್ಯಾಜ್ಯದಲ್ಲಿಯೂ ಹಾಗೆಯೇ ಆಯಿತು” ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕುದು ಅದೇ ಮೊದಲು.

ಅಂಗಮರ್ದನ ವ್ಯಾಯಾಮಗಳನ್ನು ಬಲ್ಲ ಒಬ್ಬ ತರುಣಿ ಚಿಕ್ಕಮಗಳೂರಿನಿಂದ ವಾರಕ್ಕೊಮ್ಮೆ ಬರತೊಡಗಿದಳು. 2013ರಲ್ಲಿ ಕಡೂರು ಚಿಕ್ಕಮಗಳೂರುಗಳ ನಡುವೆ ರೈಲುದಾರಿಯಾದುದು ಇಂಥ ಉಪಕಾರಗಳಿಗೂ ಆಯಿತೆನ್ನಬೇಕು. ಆಕೆ ಮದ್ದು ಕೊಡಲಿಲ್ಲ, ತೈಲ ತರಲಿಲ್ಲ. ಗೋಡೆಗೆ ಆನಿಸಿ ಒಂದು ಎತ್ತರದ ಸ್ಟೂಲು ಇರಿಸಿ, “ಏಳಿ, ಕೂತುಕೊಳ್ಳಿ” ಎಂದಳು. ಮೊದಲ ದಿನ ಕೈಯೂರಿ ಎರಡು ಸಲ ಆಯಿತು. ಏಳುವುದಕ್ಕಿಂತ ಕೂರುವುದು ಮುಖ್ಯವೆಂದು ಆಕೆಯ ವಾದ. ನಾವು ಕೂರುವಾಗ ನಮ್ಮನ್ನು ಕೆಳಗಿಳಿಸುವುದು ಭೂಮಿಯ ಆಕರ್ಷಣೆ. ತೊಡೆಯ ಮುಂಭಾಗದ ಸ್ನಾಯು ಆಗ ಉದ್ದವಾಗುತ್ತಲೇ ಎಳೆಯುತ್ತಿರಬೇಕು, ತುಂಬಿದ ಕೊಡವನ್ನು ಹಗ್ಗ ಸಡಿಲಿಸುತ್ತ ಬಾವಿಗೆ ಇಳಿಸುವವನಂತೆ. ತಂದೆಯವರ ಕೈಯಲ್ಲಿ ಹಗ್ಗ ಜಾರುತ್ತಿತ್ತು, ಧೊಪ್ಪನೆ ಕೂರುತ್ತಿದ್ದರು.

ಮೂರು ವಾರದಲ್ಲಿ ಎರಡು ಆರಾಯಿತು, ಕೈ ಊರದೆ. ನಾನು ಉತ್ಸಾಹದಿಂದ ದರ್ಜಿಯ ಟೇಪು ತಂದು ತೊಡೆಯ ಸುತ್ತಳತೆ ನೋಡಿದೆ. ಒಂದು ನೂಲಿನಷ್ಟೂ ಹೆಚ್ಚಿರಲಿಲ್ಲ. ಮೊದಲ ವಾರಗಳ ಬಲವೆಲ್ಲ ಬಹುಮಟ್ಟಿಗೆ ನರಗಳದು, ಮಾಂಸದ್ದಲ್ಲ ಎಂದು ತರುಣಿ ತಿಳಿಸಿದಳು. ಮಿದುಳು ಮರೆತ ಎಳೆಗಳನ್ನು ಮತ್ತೆ ಹೆಸರು ಹಿಡಿದು ಕರೆಯಲು ಕಲಿಯುತ್ತದೆ. ಮಾಂಸ ಬೆಳೆಯುವುದು ನಿಧಾನ. ಬೆಳೆದಾಗಲೂ ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಇರುವ ಎಳೆಗಳು ದಪ್ಪವಾಗುವುದೇ ವಾಡಿಕೆ.

ಎಂಬತ್ತರ ಮೇಲೆ ಇದು ಸಾಧ್ಯವೇ ಎಂಬ ಸಂಶಯಕ್ಕೆ 1990ರಲ್ಲಿಯೇ ಬಾಸ್ಟನ್ನಿನಿಂದ ಉತ್ತರ ಬಂದಿದೆ. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ, ಕೃಶರಾದ ಹತ್ತು ಮಂದಿಗೆ 8 ವಾರ ಕಾಲಿನಿಂದ ಭಾರವೆತ್ತುವ ಅಭ್ಯಾಸ ಮಾಡಿಸಿದರು. ಪೂರೈಸಿದವರ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ಗಾತ್ರ ನೂರಕ್ಕೆ 9ರಷ್ಟು. ಈ ಎರಡು ಅಂಕಿಗಳ ಅಂತರದಲ್ಲಿಯೇ ನನ್ನ ಟೇಪಿನ ನಿರಾಶೆಗೆ ಸಮಾಧಾನವಿತ್ತು.

ತಂದೆಯವರಿಗೆ ಮೈಕಟ್ಟಿನ ವಿಷಯದಲ್ಲಿ ಹಳೆಯ ತಾತ್ಸಾರವಿತ್ತು. ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕೆ. ವಿ. ಅಯ್ಯರವರ ವ್ಯಾಯಾಮಶಾಲೆಯ ಮುಂದೆ ಎಷ್ಟೋ ಸಲ ಹಾದುಹೋದರೂ ಒಳಗೆ ಕಾಲಿಡಲಿಲ್ಲವಂತೆ. ಆದರೆ ಅವರ ‘ಶಾಂತಲಾ’ ಕಾದಂಬರಿಯನ್ನು ಎರಡು ಸಲ ಓದಿದ್ದರು. ಆ ಸ್ನಾಯುಪುರುಷರೇ ಆ ಕಾದಂಬರಿಕಾರರು ಎಂಬುದನ್ನು ಅವರು ಕೊನೆಯವರೆಗೂ ಅರೆಮನಸ್ಸಿನಿಂದಲೇ ಒಪ್ಪಿದ್ದರು. ಈಗ ಸ್ಟೂಲಿನ ಮೇಲೆ ಬೆವರುತ್ತ, “ಅಯ್ಯರು ಇದನ್ನೆಲ್ಲ ಮಾಡಿಯೂ ಬರೆದರಲ್ಲ” ಎಂದರು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ವಿಷಯ ಅರೆಯಾಗುತ್ತದೆ. ಸ್ನಾಯುವಿನ ಎಳೆಗಳಲ್ಲಿ ನಿಧಾನವಾಗಿ, ದಣಿಯದೆ ದುಡಿಯುವ ಕೆಂಪು ಎಳೆಗಳೂ, ಥಟ್ಟನೆ ಎಳೆದು ಬೇಗ ದಣಿಯುವ ಬಿಳಿಯ ಎಳೆಗಳೂ ಉಂಟು. 1781ರಲ್ಲಿ ಚಿದಂಬರದ ರಕ್ಷಣೆಗಾಗಿ ಹೈದರಾಲಿಯ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದೂ ಅದಕ್ಕೆ ಅವನ ಎತ್ತುಗಳೇ ಕಾರಣವೆಂದೂ ಹೇಳುತ್ತಾರೆ. ಆ ಅಮೃತಮಹಲ್ ತಳಿಯನ್ನು 1929ರಿಂದ ನಮ್ಮ ನೆರೆಯ ಅಜ್ಜಂಪುರದಲ್ಲಿ ಸಾಕಿಕೊಂಡು ಬಂದಿದ್ದಾರೆ. ಅದು ಕೆಂಪು ಎಳೆಗಳ ಕೆಲಸ. ಮುಪ್ಪಿನಲ್ಲಿ ಹೆಚ್ಚು ಸೊರಗುವುದು ಇನ್ನೊಂದು ಬಗೆಯವು. ಆದುದರಿಂದಲೇ ವೃದ್ಧರು ಬೀದಿಯ ಕೊನೆಯವರೆಗೆ ನಡೆದು ಬರಬಲ್ಲರು, ತಮ್ಮ ಮನೆಯ ಹೊಸ್ತಿಲನ್ನು ಎಡವಿದಾಗ ಮಾತ್ರ ಸಾವರಿಸಿಕೊಳ್ಳಲಾರರು. ಕಾಲನ್ನು ಮುಂದಿಟ್ಟು ಬೀಳನ್ನು ತಡೆಯಲು ಇರುವ ಅವಧಿ ಒಂದು ಸೆಕೆಂಡಿಗೂ ಕಡಿಮೆ. ತರುಣಿ ಕೊನೆಕೊನೆಗೆ “ಬೇಗ ಏಳಿ, ನಿಧಾನ ಕೂರಿ” ಎಂದು ಅವಸರಪಡಿಸುತ್ತಿದ್ದುದರ ಅರ್ಥ ಇದು.

ನಾಲ್ಕು ತಿಂಗಳಾದ ಮೇಲೆ ಗಡಿಯಾರ ಹಿಡಿದು ಪರೀಕ್ಷೆಯಾಯಿತು. 30 ಸೆಕೆಂಡಿನಲ್ಲಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಹನ್ನೊಂದು ಸಲ. ಅವರ ವಯಸ್ಸಿನ ಗಂಡಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಬೀಳುವ ಭಯವಂತೆ. ಆ ಭಾನುವಾರ ಅವರು ಅಯ್ಯನಕೆರೆಗೆ ಹೋಗಬೇಕೆಂದರು. ಆಟೋದಲ್ಲಿ ಕರೆದೊಯ್ದೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತೆಂದು ಹೇಳುವ ಆ ಏರಿಗೆ ಎಷ್ಟು ಜನರ ತೋಳು ತೊಡೆಗಳು ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊತ್ತಿದ್ದುವೋ! ತಂದೆಯವರು ನನ್ನನ್ನು ಹಿಂದೆ ನಿಲ್ಲಿಸಿ ತಾವೇ ಹತ್ತಿದರು. ಮೇಲೆ ನಿಂತು ಶಕುನಗಿರಿಯ ನೆರಳು ನೀರಿನಲ್ಲಿ ಅಲುಗುವುದನ್ನು ಬಹಳ ಹೊತ್ತು ನೋಡಿದರು. ಇಳಿಯುವಾಗ ನನ್ನ ಭುಜ ಹಿಡಿದರು.

ಮರುದಿನ ತೊಡೆಗಳಲ್ಲಿ ನೋವು. ಇಳಿಜಾರಿನಲ್ಲಿ ಉದ್ದವಾಗುತ್ತ ದುಡಿದ ಸ್ನಾಯುವಿಗೆ ಒಂದೆರಡು ದಿನ ಕಳೆದು ಇಂಥ ನೋವು ಬರುವುದು ಸಹಜ. ತಂದೆಯವರು ತೊಡೆಯನ್ನು ಒತ್ತಿ ನೋಡಿಕೊಂಡು, “ಇದೆ ಇದೆ, ಎಲ್ಲಿಯೂ ಹೋಗಿಲ್ಲ” ಎಂದರು. ಮೂರನೆಯ ದಿನವೂ ನೋವಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಕಾಫಿಗೆ ಮೊದಲೇ ಸ್ಟೂಲನ್ನು ಗೋಡೆಗೆ ಸರಿಸುವ ಸದ್ದು ಕೇಳಿಸಿತು.