ಹಿತ್ತಲಿನ ಅತಿಥಿಗಳು

ಹಕ್ಕಿಗಳನ್ನು ಮನೆಗೆ ಕರೆಯಬೇಕಾದರೆ ಅಂಗಳಕ್ಕೆ ಒಂದು ಹಿಡಿ ಅಕ್ಕಿ ಎರಚಿದರೆ ಸಾಕೆಂದು ನಂಬಿದವರು ಬಹಳ ಮಂದಿ. ಎರಚಿದ ಅಕ್ಕಿಗೆ ಬರುವವರು ಯಾರು? ಕಾಗೆ, ಪಾರಿವಾಳ, ಅಳಿಲು. ಪುಣ್ಯವಿದ್ದರೆ ನಾಲ್ಕು ಗುಬ್ಬಿ. ಆ ಗುಬ್ಬಿಯಾದರೂ ತಾನು ಕಾಳು ತಿಂದು, ಮರಿಗಳಿಗಾಗಿ ಹುಳುಗಳನ್ನೇ ಅರಸಿಕೊಂಡು ಹೋಗುತ್ತದೆ. ಹುಳುಗಳಿರಬೇಕಾದರೆ ನಮ್ಮ ತಾಯಿಯ ಹಿತ್ತಲಿನಂಥ ಹಿತ್ತಲಿರಬೇಕು.

ಅದನ್ನು ತೋಟವೆಂದರೆ ಯಾವ ತೋಟಗಾರನೂ ಒಪ್ಪಲಾರ. ಬಚ್ಚಲ ನೀರು ಸಣ್ಣ ಕಾಲುವೆಯಾಗಿ ಹರಿದು ಎರಡು ಬಾಳೆಯ ಬುಡವನ್ನು ಸೇರುತ್ತಿತ್ತು. ದಡದಲ್ಲಿ ಕೆಸು, ಚಪ್ಪರದ ಮೇಲೆ ಬಸಳೆ, ಬೇಲಿಯಲ್ಲಿ ದಾಸವಾಳ, ಜೊತೆಗೆ ಯಾರೂ ನೆಡದೆ ತಾನಾಗಿ ಬಂದ ಲಂಟಾನ. ಮೂಲೆಯಲ್ಲಿ ಒಟ್ಟಿದ ತರಗೆಲೆಯನ್ನು ಆರೇಳು ಹರಟೆಮಲ್ಲ ಹಕ್ಕಿಗಳು ಕೂಡಿ ಮಗುಚುವ ಗದ್ದಲವನ್ನು ಕೇಳಿದರೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಕೊಠಡಿಯ ನೆನಪಾಗದಿರದು. ಬಸಳೆಯ ಕಪ್ಪು ಹಣ್ಣನ್ನು ನುಂಗಿದ ಪಿಕಳಾರ, ಒಣಹಾಕಿದ ಬಿಳಿಯ ಪಂಚೆಯ ಮೇಲೆ ನೇರಿಳೆಯ ಮುದ್ರೆಯೊತ್ತಿ ಹೋಗುತ್ತದೆ. ಟುವ್ವಿ ಹಕ್ಕಿ ಎಲೆಯ ಅಂಚುಗಳನ್ನು ಹತ್ತಿಯ ಎಳೆಯಿಂದಲೂ ಜೇಡನ ನೂಲಿನಿಂದಲೂ ಹೊಲಿಯುತ್ತದೆ. ಸೂರಕ್ಕಿಯ ತೂಗುಗೂಡಿಗೂ ಬಿಗಿ ಬರುವುದು ಜೇಡನ ಬಲೆಯಿಂದಲೇ. ವಾರಕ್ಕೊಮ್ಮೆ ಬಲೆ ಹೊಡೆಯುವ ಶಿಸ್ತಿನ ಮನೆಗೆ ಇವೆರಡೂ ಏಕೆ ಬಂದಾವು? ಇವರ ಹೆಸರುಗಳನ್ನು ತಿಳಿಯಬಯಸುವವರಿಗೆ, 1941ರಲ್ಲಿ ಮೊದಲು ಅಚ್ಚಾದ ಸಲೀಂ ಅಲಿಯವರ ಪಕ್ಷಿಗ್ರಂಥ ನಮ್ಮ ಗ್ರಂಥಭಂಡಾರದಲ್ಲಿದೆ.

ಎಲ್ಲರಿಗಿಂತ ನನಗೆ ಪ್ರಿಯನಾದವನು ಮಡಿವಾಳ. ಕಪ್ಪು ಬಿಳುಪಿನ ಉಡುಪು, ನಿಮಿರಿದ ಬಾಲ. ಬಚ್ಚಲ ಕಾಲುವೆಯ ತೇವದ ಮಣ್ಣೇ ಅವನ ಅಡಿಗೆಮನೆ.

ಕಳೆದ ವರ್ಷ ನಮ್ಮ ಬೀದಿಗೆ ಒಳಚರಂಡಿ ಬಂದಿತು. “ಇನ್ನೂ ಎಷ್ಟು ದಿನ ಈ ಕೆಸರು ತುಳಿಯೋದು?” ಎಂದು ಅಣ್ಣ ಹಿತ್ತಲಿಗೆಲ್ಲ ಚಪ್ಪಡಿ ಹಾಸುವ ಯೋಜನೆ ಹೂಡಿದ. ಅವನ ಮಾತು ಸುಳ್ಳಲ್ಲ. ನಿಂತ ಕೊಳಕು ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ನಾನು ಹಕ್ಕಿಗಳ ಪರವಾಗಿ ವಕಾಲತ್ತು ವಹಿಸಿದೆ. ಒಂದು ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲ ನೀರಿಟ್ಟರೆ ಹಕ್ಕಿಗಳಿಗೆ ಸಾಲದೇ ಎಂದು ಅಣ್ಣ ಕೇಳಿದ. ಕುಡಿಯುವುದಕ್ಕೂ ಮೀಯುವುದಕ್ಕೂ ಸಾಕು. ಡೆಂಗೆಯ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಡುವುದರಿಂದ ಆ ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಬೇಕು, ಅಷ್ಟೆ. ಆದರೆ ತಟ್ಟೆಯಲ್ಲಿ ಎರೆಹುಳು ಹುಟ್ಟೀತೆ?

ತೀರ್ಪು ಕೊಟ್ಟವರು ಅಮ್ಮ. “ಹಕ್ಕಿಗೇನಪ್ಪ, ಊರೆಲ್ಲ ಐತೆ. ನನ್ನ ಬಸಳೆ ಎಲ್ಲಿಗೆ ಹೋದೀತು?” ಬಚ್ಚಲ ನೀರು ಒಳಚರಂಡಿಗೆ ಹೋಯಿತು, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಾಳೆಗೆ ಉಳಿಯಿತು. ಅರ್ಧ ಹಿತ್ತಲಿಗೆ ಚಪ್ಪಡಿ ಬಿದ್ದಿತು. ಆ ಅರ್ಧಕ್ಕೆ ಈವರೆಗೆ ಪಾರಿವಾಳಗಳಲ್ಲದೆ ಇನ್ನಾರೂ ಬಂದುದನ್ನು ನಾನು ಕಂಡಿಲ್ಲ.

ಚಳಿಗಾಲವೆಲ್ಲ ಹೆಚ್ಚು ದನಿಯೆತ್ತದಿದ್ದ ಮಡಿವಾಳ ಈಗ ಮುಂಜಾನೆ ನುಗ್ಗೆಯ ತುದಿಯಲ್ಲಿ ಕುಳಿತು ಹಾಡುತ್ತಿದ್ದಾನೆ. ಹಳೆಯ ಗೋಡೆಯ ಯಾವುದೋ ಬಿಲದಲ್ಲಿ ಗೂಡು ಹೂಡಿರಬೇಕು. ಅಣ್ಣ ಆ ಗೋಡೆಗೆ ಗಾರೆ ಮಾಡಿಸಲು ಮೇಸ್ತ್ರಿಗೆ ಹೇಳಿಯಾಗಿದೆ. ಭಾನುವಾರದೊಳಗೆ ಬಿಲ ಯಾವುದೆಂದು ನಾನು ಕಂಡುಹಿಡಿಯಬೇಕು.