ಗಡ್ಡೆ ಕೀಳದೆ ಜೇಕು ಹೋದೀತೇ?

ನಮ್ಮ ಮನೆಯ ಕಂಪ್ಯೂಟರಿಗೆ ತಗುಲಿದ ರೋಗದ ಕಥೆ ಹೇಳಬೇಕೆಂದರೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಆದರೆ ಅದು ನನಗೆ ತಿಳಿದದ್ದು ತಡವಾಗಿ. ಆದ್ದರಿಂದ ಇಲ್ಲಿಯೂ ತಡವಾಗಿಯೇ ಬರಲಿ.

2023ರ ಮಾರ್ಚ್ 6, ಸೋಮವಾರ. ಮಗನ ದ್ವಿತೀಯ ಪಿಯುಸಿ ಪರೀಕ್ಷೆಗೆ ಉಳಿದಿದ್ದದ್ದು ಮೂರೇ ದಿನ. ಸಂಜೆ ಕೆಲಸದಿಂದ ಬಂದು ಕಂಪ್ಯೂಟರ್ ಹಾಕಿದೆ. ಎಂದಿನ ಗೂಗಲ್ ಪುಟದ ಬದಲು ಹೆಸರೇ ಕೇಳಿರದ ಹುಡುಕಾಟದ ಪುಟವೊಂದು ತೆರೆದುಕೊಂಡಿತು. ಪರದೆಯ ಬಲ ಮೂಲೆಯಲ್ಲಿ ಒಂದರ ಹಿಂದೊಂದು ಚೀಟಿಗಳು ಎದ್ದವು. ಜೂಜು, ಲಾಟರಿ, ತೂಕ ಇಳಿಸುವ ಔಷಧಿ, ಸಾಲದ್ದಕ್ಕೆ ಮನೆಯವರೆದುರು ನೋಡಲಾಗದ ಚಿತ್ರಗಳು. ಕಾಫಿ ಲೋಟ ಹಿಡಿದು ಬಂದ ಹೆಂಡತಿ "ಏನ್ರೀ ಇದು?" ಎಂದು ಅಲ್ಲೇ ನಿಂತಳು.

ನಾನು ಯೋಚಿಸುವ ಗೋಜಿಗೆ ಹೋಗಲಿಲ್ಲ. ಮಗನನ್ನು ಕೂಗಿ ಕರೆದೆ.

"ಪರೀಕ್ಷೆ ಇಟ್ಟುಕೊಂಡು ನೋಡ್ತಾ ಇರೋದು ಇದನ್ನೇನೋ?"

"ನಾನು ಏನೂ ಮಾಡಿಲ್ಲಪ್ಪ."

"ಮತ್ಯಾರು, ನಿಮ್ಮಜ್ಜಿ ಮಾಡಿದ್ರಾ?"

ಅವನು ಮರುಮಾತಾಡದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ರಾತ್ರಿ ಊಟಕ್ಕೂ ಬರಲಿಲ್ಲ.

ಇತ್ತ ನಾನು ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಮುಖಪುಟವನ್ನು ಮೊದಲಿನಂತೆ ಬದಲಾಯಿಸಿದೆ. ಎಲ್ಲವೂ ಸರಿಹೋಯಿತು. ದೊಡ್ಡ ಸಾಹಸ ಮಾಡಿದವನಂತೆ ಮಲಗಿದೆ. ಬೆಳಿಗ್ಗೆ ಎದ್ದು ಕಂಪ್ಯೂಟರ್ ಹಾಕಿದರೆ ಮತ್ತದೇ ಪುಟ! ಬ್ರೌಸರನ್ನೇ ತೆಗೆದು ಹೊಸದಾಗಿ ಹಾಕಿದೆ. ಅದೂ ದಂಡವಾಯಿತು.

ನಮ್ಮಮ್ಮ ಇದನ್ನೆಲ್ಲ ನೋಡುತ್ತಾ ಕುಳಿತಿದ್ದರು. ಕಂಪ್ಯೂಟರಿನ ಗಂಧ ಅವರಿಗಿಲ್ಲ. ಆದರೆ ಹೊಲದಲ್ಲಿ ಕಳೆ ಕಿತ್ತ ಕೈ. "ಜೇಕಿನ ಎಲೆ ಕಿತ್ತರೆ ಹೋಗುತ್ತೇನಪ್ಪಾ? ಗಡ್ಡೆ ಒಳಗೇ ಇರುತ್ತೆ. ನಾಳೆ ಮತ್ತೆ ಚಿಗುರುತ್ತೆ" ಎಂದರು. ಆಮೇಲೆ ದನಿ ತಗ್ಗಿಸಿ, "ಮಗು ಮಾಡಿಲ್ಲ ಅಂದರೆ ಮಾಡಿರಲ್ಲ. ಕೂರಿಸಿಕೊಂಡು ಕೇಳು" ಎಂದೂ ಸೇರಿಸಿದರು.

ಮಂಗಳವಾರ ಸಂಜೆ ಮಗನ ಬಾಗಿಲು ತಟ್ಟಿದೆ. "ಇದನ್ನು ತೆಗೆಯೋದು ನನ್ನಿಂದ ಆಗ್ತಿಲ್ಲ, ಸ್ವಲ್ಪ ನೋಡ್ತೀಯಾ?" ಎಂದೆ. ಅವನು ಬಂದು ಕುಳಿತ. ಮುಖ ಬಿಗಿದೇ ಇತ್ತು.

ಕಂಟ್ರೋಲ್ ಪ್ಯಾನೆಲ್ ತೆರೆದು ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿದ. ಮೇಲೆಯೇ ಮೂರು ಹೆಸರುಗಳಿದ್ದವು. ಒಂದು ಫೋಟೋ ಚಿಕ್ಕದು ಮಾಡುವ ತಂತ್ರಾಂಶ. ಇನ್ನೆರಡು ನಾವು ಯಾರೂ ಕೇಳಿರದವು. ಮೂರಕ್ಕೂ ದಿನಾಂಕ ಮಾರ್ಚ್ 5, ಭಾನುವಾರ.

"ಭಾನುವಾರ ನಾನು ಇಡೀ ದಿನ ಮಾದರಿ ಪರೀಕ್ಷೆಗೆ ಹೋಗಿದ್ದೆ ಅಪ್ಪಾ" ಎಂದ ಮಗ, ಪರದೆಯಿಂದ ಕಣ್ಣು ತೆಗೆಯದೆ.

ನನ್ನ ಬಾಯಿ ಕಟ್ಟಿತು. ಭಾನುವಾರ ಅವನ ಸಿಇಟಿ ಅರ್ಜಿಗೆಂದು ಫೋಟೋವನ್ನು ಇಷ್ಟೇ ಕಿಲೋಬೈಟಿಗೆ ಇಳಿಸಬೇಕೆಂದು ಒದ್ದಾಡಿ, ಯಾವುದೋ ತಾಣದಲ್ಲಿ ಕಂಡ ದೊಡ್ಡ ಹಸಿರು 'ಡೌನ್‌ಲೋಡ್' ಗುಂಡಿಯನ್ನು ಒತ್ತಿದವನು ನಾನೇ. 'ನೆಕ್ಸ್ಟ್, ನೆಕ್ಸ್ಟ್' ಎಂದು ಓದದೆ ಒಪ್ಪಿಗೆ ಕೊಟ್ಟವನೂ ನಾನೇ. ಯಾವುದೋ ಪುಟ 'ಸೂಚನೆಗಳಿಗೆ ಅನುಮತಿ ಕೊಡಿ' ಎಂದಾಗ ಕೊಟ್ಟುಬಿಟ್ಟವನೂ ನಾನೇ!

ಬಿಟ್ಟಿ ತಂತ್ರಾಂಶದ ಜೊತೆ ಇಂಥವನ್ನು ಕಟ್ಟಿ ಕಳಿಸುವುದು ಒಂದು ವ್ಯಾಪಾರ. ಪ್ರತಿ ಕಂಪ್ಯೂಟರಿಗೆ ಇಷ್ಟೆಂದು ಹಂಚಿದವರಿಗೆ ಹಣ ಸಿಗುತ್ತದೆ. ನಮ್ಮ ಹುಡುಕಾಟವನ್ನು ತಮ್ಮ ಪುಟದತ್ತ ತಿರುಗಿಸಿಕೊಂಡವರಿಗೆ ಜಾಹೀರಾತಿನ ಹಣ. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ 'ಫೈರ್‌ಬಾಲ್' ಎಂಬ ಇಂಥದೇ ತಂತ್ರಾಂಶ ಜಗತ್ತಿನ 25 ಕೋಟಿ ಕಂಪ್ಯೂಟರುಗಳಿಗೆ ತಗುಲಿದೆ, ಅದರಲ್ಲಿ ಸುಮಾರು ಎರಡೂವರೆ ಕೋಟಿ ಭಾರತದ್ದು ಎಂದಿತ್ತು. ಆ ಲೆಕ್ಕ ತೀರಾ ಹೆಚ್ಚಾಯಿತೆಂದು ಮೈಕ್ರೋಸಾಫ್ಟ್ ಆಕ್ಷೇಪಿಸಿತು. ಲೆಕ್ಕ ಏನೇ ಇರಲಿ, ತಂದೆತಾಯಿಗಳು ಇಷ್ಟನ್ನು ತಿಳಿಯಬೇಕು. ಇಂಥ ತಂತ್ರಾಂಶ ತನಗೆ ಹಣ ತರುವ ಜಾಹೀರಾತನ್ನು ತಾನೇ ತಂದು ತೋರಿಸುತ್ತದೆ. ಪರದೆಯ ಮೇಲೆ ಹೊಲಸು ಕಂಡ ಮಾತ್ರಕ್ಕೆ ಮಕ್ಕಳು ಅದನ್ನು ಹುಡುಕಿ ಹೋಗಿದ್ದರೆಂದು ಅರ್ಥವಲ್ಲ.

ಮಗ ಒಂದೊಂದೇ ಗಡ್ಡೆ ಕೀಳತೊಡಗಿದ. ಮೊದಲು ಆ ಮೂರು ಪ್ರೋಗ್ರಾಮುಗಳನ್ನು ತೆಗೆದ. ಆಮೇಲೆ ವಿಂಡೋಸಿನ 'ಟಾಸ್ಕ್ ಶೆಡ್ಯೂಲರ್' ತೆರೆದ. ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ಕಂಪ್ಯೂಟರಿಗೆ ಹೇಳಿಡುವ ಜಾಗ ಅದು. ಅಲ್ಲಿ ಅರ್ಥವಿಲ್ಲದ ಅಕ್ಷರಗಳ ಹೆಸರಿನದೊಂದು, ನಾವು ಲಾಗಿನ್ ಆದಾಗಲೆಲ್ಲ ಎದ್ದು ಮುಖಪುಟವನ್ನು ಮತ್ತೆ ಬದಲಿಸುತ್ತಿತ್ತು. ಬೆಳಗಾದರೆ ಚಿಗುರುತ್ತಿದ್ದದ್ದು ಇದರಿಂದಲೇ. ಅದನ್ನು ಅಳಿಸಿದ.

ಮೂರನೆಯದು ಡೆಸ್ಕ್‌ಟಾಪಿನ ಮೇಲಿನ ಬ್ರೌಸರ್ ಚಿತ್ರ. ಅದರ 'ಪ್ರಾಪರ್ಟೀಸ್' ತೆರೆದು 'ಟಾರ್ಗೆಟ್' ಸಾಲು ನೋಡಿದರೆ ಬ್ರೌಸರಿನ ಹೆಸರಿನ ಮುಂದೆ ಆ ಪುಟದ ವಿಳಾಸವನ್ನು ಬಾಲದಂತೆ ಅಂಟಿಸಿದ್ದರು. ಬಾಲ ಕತ್ತರಿಸಿದ್ದಾಯಿತು.

ನಾಲ್ಕನೆಯದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸುವ ಚಿಲ್ಲರೆ ಉಪಕರಣ. ಅಲ್ಲೊಂದಕ್ಕೆ ತೆಗೆಯುವ ಗುಂಡಿಯೇ ಕೆಲಸ ಮಾಡಲಿಲ್ಲ. 'ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ' ಎಂಬ ಅರ್ಥದ ಸಾಲೊಂದು ಕಂಡಿತು.

"ನಮ್ಮನೆ ಯಾವಾಗಪ್ಪ ಸಂಸ್ಥೆ ಆಗಿದ್ದು?" ಎಂದ ಮಗ. ಎರಡು ದಿನದಲ್ಲಿ ಮೊದಲ ಸಲ ನಕ್ಕಿದ್ದ.

ಕಚೇರಿಗಳು ತಮ್ಮ ಕಂಪ್ಯೂಟರುಗಳನ್ನು ಹಿಡಿತದಲ್ಲಿಡಲು ಬಳಸುವ ನಿಯಮಗಳನ್ನೇ ಈ ಖದೀಮರು ರಿಜಿಸ್ಟ್ರಿಯಲ್ಲಿ ಬರೆದಿಡುತ್ತಾರೆ. ರಿಜಿಸ್ಟ್ರಿಗೆ ಕೈ ಹಾಕಲು ನಮಗೆ ಧೈರ್ಯ ಬರಲಿಲ್ಲ. ಅಲ್ಲಿ ತಪ್ಪಿದರೆ ಕಂಪ್ಯೂಟರೇ ಮಲಗೀತು. ಅದಕ್ಕೆ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ 'ಆಡ್‌ಡಬ್ಲ್ಯೂಕ್ಲೀನರ್' ಎಂಬ ಉಚಿತ ಸಾಧನವನ್ನು ಅವರದೇ ತಾಣದಿಂದ ತಂದೆವು. ಕ್ರೋಮ್‌ನ ನಿಯಮಗಳನ್ನು ಅಳಿಸುವ ಆಯ್ಕೆ ಅದರಲ್ಲಿದೆ. ಆ ಸಾಲು ಮಾಯವಾಯಿತು, ಎಕ್ಸ್‌ಟೆನ್ಷನ್ನೂ ಹೊರಟಿತು. ಕೊನೆಗೆ ಸೂಚನೆಗಳ ಪಟ್ಟಿಯಲ್ಲಿ ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದು, ಬ್ರೌಸರ್ ಸೆಟ್ಟಿಂಗನ್ನು ಮೂಲ ಸ್ಥಿತಿಗೆ ತಂದು, ವಿಂಡೋಸ್ ಡಿಫೆಂಡರ್‌ನಿಂದ ಪೂರ್ತಿ ತಪಾಸಣೆ ಮಾಡಿಸಿದೆವು. ಎರಡು ಸಲ ರೀಸ್ಟಾರ್ಟ್ ಮಾಡಿದರೂ ಆ ಪುಟ ಮುಖ ತೋರಿಸಲಿಲ್ಲ.

ಇನ್ನು ಕೆಲವು ಮಾತು. ಬ್ರೌಸರಿನಲ್ಲೇ ಶುಚಿ ಮಾಡುವ ಸಾಧನವಿದೆಯೆಂದು ಹಳೆಯ ಬರಹಗಳಲ್ಲಿ ಓದಿದ್ದರೆ ಹುಡುಕಬೇಡಿ. ಕ್ರೋಮ್‌ನಲ್ಲಿದ್ದದ್ದನ್ನು ಗೂಗಲ್ 2023ರಲ್ಲಿ ತೆಗೆದುಹಾಕಿತು. ಒಂದೇ ಖಾತೆಯಿಂದ ಎರಡು ಕಂಪ್ಯೂಟರ್ ಬಳಸುವವರು ಎರಡರಲ್ಲೂ ಎಕ್ಸ್‌ಟೆನ್ಷನ್ ತೆಗೆಯಬೇಕು. ಇಲ್ಲವಾದರೆ ಸಿಂಕ್ ಮೂಲಕ ಅದು ಮರಳಿ ಬರಬಹುದು. ಎಕ್ಸ್‌ಟೆನ್ಷನ್‌ಗಳು ನಾವು ತೆರೆದ ಪುಟಗಳನ್ನು ಓದಬಲ್ಲವಾದ್ದರಿಂದ ಬ್ಯಾಂಕು, ಇ-ಮೇಲ್‌ಗಳ ಪಾಸ್‌ವರ್ಡ್ ಬದಲಿಸುವುದು ಒಳ್ಳೆಯದು. 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಎಂದು ಪರದೆ ಕೂಗಿದರೆ ಫೋನ್ ಮಾಡಲೇಬೇಡಿ. ಮೋಸಹೋಗಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ರಾತ್ರಿ ಹತ್ತಾಗಿತ್ತು. ಓದುವ ಹುಡುಗನ ಒಂದು ಸಂಜೆ ನನ್ನಿಂದ ಹಾಳಾಯಿತು. "ತಪ್ಪಾಯ್ತು ಕಣೋ. ಕೇಳದೆ ಬೈದುಬಿಟ್ಟೆ" ಎಂದೆ. ಈ ಮಾತು ಗಂಟಲಿಂದ ಹೊರಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

"ಪರವಾಗಿಲ್ಲ ಬಿಡಪ್ಪ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಏನಾದ್ರೂ ಹಾಕೋ ಮೊದಲು ನನ್ನ ಕೇಳು" ಎಂದ.

ಈಗ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇದೆ. ಯಾರು, ಯಾವ ದಿನ, ಯಾವ ತಂತ್ರಾಂಶವನ್ನು ಎಲ್ಲಿಂದ ತಂದು ಹಾಕಿದರು ಎಂದು ಅದರಲ್ಲಿ ಬರೆಯಬೇಕು. ಮೊದಲ ಪುಟದ ಮೊದಲ ಸಾಲು ನನ್ನದೇ ಅಕ್ಷರದಲ್ಲಿದೆ: ಮಾರ್ಚ್ 5, ಭಾನುವಾರ, ಅಪ್ಪ.